ಕೆಲಸದ ಜಾಗದಿಂದ ಮೈಗೆ ಸೇರಿದ ವಿಷ ಎಷ್ಟು ದಿನ ಇರುತ್ತದೆ?

ರಾಸಾಯನಿಕಗಳು ದೇಹದೊಳಗೆ ಹೋದ ಮೇಲೆ ಏನಾಗುತ್ತವೆ ಅನ್ನುವುದು ನನ್ನ ಸಂಶೋಧನೆಯ ವಿಷಯ. ಸ್ಯಾನ್ ಡಿಯಾಗೋದಲ್ಲಿ ಕನ್ನಡದವರು ಸೇರಿದ ಕಡೆ ಈ ಸಂಗತಿ ಗೊತ್ತಾದರೆ ಸಾಕು, ಊಟದ ತಟ್ಟೆ ಹಿಡಿದುಕೊಂಡೇ ಯಾರಾದರೂ ಕೇಳುತ್ತಾರೆ: "ಡಿಟಾಕ್ಸ್ ಮಾಡ್ಕೋಬೇಕಂದ್ರೆ ಏನು ತಗೋಬೇಕು?" ಕೇಳುವವರಲ್ಲಿ ಸೊರೆಂಟೊ ವ್ಯಾಲಿಯ ಬಯೋಟೆಕ್ ಲ್ಯಾಬುಗಳಲ್ಲಿ ದಿನವಿಡೀ ದ್ರಾವಕಗಳ ಬಾಟಲಿಗಳ ನಡುವೆ ಇರುವವರಿದ್ದಾರೆ. ಪ್ಯಾಸಡೀನಾದಲ್ಲಿ ಹಳೆಯ ಮನೆ ಕೊಂಡು, ಕಿಟಕಿಗಳ ಬಣ್ಣವನ್ನು ತಾವೇ ಉಜ್ಜಿ ತೆಗೆದವರಿದ್ದಾರೆ. ವಾರಕ್ಕೊಮ್ಮೆ ಒಳಾಂಗಣ ಶೂಟಿಂಗ್ ರೇಂಜಿಗೆ ಹೋಗುವ ಹವ್ಯಾಸ ಬೆಳೆಸಿಕೊಂಡವರೂ ಇದ್ದಾರೆ. ಹಸಿರು ಜ್ಯೂಸ್ ಕುಡಿಯಬಹುದಾ, ಸೌನಾದಲ್ಲಿ ಕೂತು ಬೆವರು ಹರಿಸಿದರೆ ಆಗುತ್ತಾ, ಊರಿನಿಂದ ಯಾವುದಾದರೂ ಲೇಹ್ಯ ತರಿಸಲಾ ಎಂದು ವಿಚಾರಿಸುತ್ತಾರೆ. ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ, ಅದನ್ನು ಮೆಲ್ಲಗೆ ಕೇಳುತ್ತಾರೆ: "ಮಗೂಗೆ ಏನೂ ಆಗಲ್ಲ ತಾನೆ?"

ಉತ್ತರ ಒಳಗೆ ಹೋದದ್ದು ಏನು ಅನ್ನುವುದರ ಮೇಲೆ ನಿಂತಿದೆ. ಕೆಲವು ಪದಾರ್ಥಗಳು ರಾತ್ರಿ ಮಲಗಿ ಏಳುವಷ್ಟರಲ್ಲಿ ಹೊರಟುಹೋಗಿರುತ್ತವೆ. ಕೆಲವು ನಮ್ಮ ಮಕ್ಕಳು ಕಾಲೇಜಿಗೆ ಹೋಗುವವರೆಗೂ ಇರುತ್ತವೆ. ಒಂದೆರಡು ಹೋಗುವುದೇ ಇಲ್ಲ. ಇವಕ್ಕೆಲ್ಲ ಸೇರಿಸಿ "ಡಿಟಾಕ್ಸ್" ಎಂಬ ಒಂದೇ ಪದ ಬಳಸುವುದು ಜ್ವರ, ಮೂಳೆಮುರಿತ, ಹಲ್ಲುನೋವಿಗೆ ಒಂದೇ ಮಾತ್ರೆ ಕೊಟ್ಟಹಾಗೆ.

ಸೀಗೆಪುಡಿಯ ಕೆಲಸ

ಮೊದಲು ಸುಲಭದ್ದನ್ನು ನೋಡೋಣ. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಗೆ ಹೋಗುವುದು ಒಂದೆರಡು ಲೀಟರ್ ಮಾತ್ರ, ಉಳಿದದ್ದನ್ನು ದೇಹ ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ನೀರಿನಲ್ಲಿ ಕರಗುವ ಪದಾರ್ಥವಾದರೆ ಆ ಒಂದೆರಡು ಲೀಟರಿನ ಜೊತೆ ಹೊರಟುಹೋಗುತ್ತದೆ. ಜಿಡ್ಡಿನಲ್ಲಿ ಕರಗುವಂಥದ್ದಾದರೆ, ಸೋಸಿ ಹೊರಬಂದ ಮೇಲೂ ನಳಿಕೆಗಳ ಗೋಡೆ ದಾಟಿ ವಾಪಸ್ ಬರುತ್ತದೆ. ಎಣ್ಣೆ ಸ್ನಾನದ ದಿನ ಬರೀ ನೀರು ಹೊಯ್ದುಕೊಂಡರೆ ಎಣ್ಣೆ ಹೋಗುತ್ತದೆಯೇ? ಸೀಗೆಪುಡಿ ಬೇಕು. ದೇಹದಲ್ಲಿ ಆ ಸೀಗೆಪುಡಿಯ ಕೆಲಸ ಲಿವರಿನದು. ಅದು ಜಿಡ್ಡಿನ ಅಣುವಿಗೆ ಆಮ್ಲಜನಕವನ್ನೋ ಸಕ್ಕರೆಯಂಥ ಒಂದು ತುಣುಕನ್ನೋ ಅಂಟಿಸಿ ನೀರಿಗೆ ಒಗ್ಗುವಂತೆ ಮಾಡುತ್ತದೆ. ಹಾಗೆ ಮಾಡಿದ್ದನ್ನು ಮೂತ್ರಪಿಂಡಕ್ಕೆ ಬಿಡುತ್ತದೆ, ಇಲ್ಲವೇ ಪಿತ್ತರಸದಲ್ಲಿ ಸೇರಿಸಿ ಕರುಳಿಗೆ ಕಳಿಸುತ್ತದೆ.

ಮಕ್ಕಳು ಶಾಲೆಯಲ್ಲಿ "ಲಿವರ್" ಎಂದು ಕಲಿತು ಬಂದಾಗ ಅದರ ಕನ್ನಡ ಹೆಸರನ್ನೂ ಹೇಳಿಕೊಡಿ: ಪಿತ್ತಜನಕಾಂಗ. ಉದ್ದ ಪದ, ನಾಲಿಗೆ ಹೊರಳುವುದಿಲ್ಲ ಎಂದು ನಗುತ್ತಾರೆ. ಆದರೆ ಬಿಡಿಸಿ ಹೇಳಿದರೆ ಪಿತ್ತವನ್ನು ಹುಟ್ಟಿಸುವ ಅಂಗ ಎಂದು ಅದರ ಕೆಲಸವೇ ಹೆಸರಿನಲ್ಲಿದೆ. ಇಂಗ್ಲಿಷ್ ಪದ ಆ ಸುಳಿವು ಕೊಡುವುದಿಲ್ಲ.

ಬಣ್ಣ, ಥಿನ್ನರ್‌ಗಳಲ್ಲಿರುವ ಟಾಲೂಯಿನ್ ಈ ದಾರಿಯಲ್ಲಿ ಚೆನ್ನಾಗಿ ಹೋಗುತ್ತದೆ. ಉಸಿರಿನಲ್ಲಿ ಒಳಹೋದದ್ದರಲ್ಲಿ ಸ್ವಲ್ಪ ಉಸಿರಿನಲ್ಲೇ ಹೊರಬರುತ್ತದೆ. ಬಹುಪಾಲನ್ನು ಲಿವರ್ ಹಿಪ್ಪ್ಯುರಿಕ್ ಆಮ್ಲವಾಗಿ ಬದಲಿಸಿ ಮೂತ್ರಕ್ಕೆ ಕಳಿಸುತ್ತದೆ. ವಿಜ್ಞಾನಿಗಳು ಈ ವೇಗವನ್ನು ಅರ್ಧಾಯುಷ್ಯ ಎಂಬ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಇರುವುದರಲ್ಲಿ ಅರ್ಧ ಖಾಲಿಯಾಗಲು ಬೇಕಾದ ಸಮಯ. ಕಾಫಿಯ ಕೆಫೀನ್‌ಗೆ ಅದು ಸುಮಾರು ಐದು ಗಂಟೆ. ಸಂಜೆ ಐದಕ್ಕೆ ಕುಡಿದ ಫಿಲ್ಟರ್ ಕಾಫಿಯಲ್ಲಿ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ, ಕಾಲುಭಾಗ ಬೆಳಗಿನ ಜಾವ ಮೂರಕ್ಕೂ ಇರುತ್ತದೆ. ಟಾಲೂಯಿನ್‌ನ ಹೆಚ್ಚಿನ ಪಾಲು ಇದೇ ರೀತಿ ಗಂಟೆಗಳ ಲೆಕ್ಕದಲ್ಲಿ ಹೋಗುತ್ತದೆ.

ಹೊರಗೆ ಕಳಿಸುವ ಈ ಕೆಲಸವೇ ಕೆಲವೊಮ್ಮೆ ತೊಂದರೆ ತರುತ್ತದೆ. ಬಣ್ಣ ಕೀಳಲು ಬಳಸುತ್ತಿದ್ದ, ರಸಾಯನಶಾಸ್ತ್ರದ ಲ್ಯಾಬುಗಳಲ್ಲಿ ಈಗಲೂ ಬಳಸುವ ಮೀಥಿಲೀನ್ ಕ್ಲೋರೈಡ್ ಅಂಥದ್ದು. ಲಿವರ್ ಅದನ್ನು ಒಡೆಯುವಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಮುಚ್ಚಿದ ಗರಾಜಿನಲ್ಲಿ ಕಾರು ಚಾಲೂ ಬಿಟ್ಟರೆ ಕೊಲ್ಲುವ ಅದೇ ಅನಿಲ. ಗಾಳಿಯಿಂದ ಬಂದ ಕಾರ್ಬನ್ ಮಾನಾಕ್ಸೈಡ್ ಆದರೆ ಒಳ್ಳೆಯ ಗಾಳಿಗೆ ಬಂದ ಕೂಡಲೇ ಕಡಿಮೆಯಾಗತೊಡಗುತ್ತದೆ. ಇದು ಹಾಗಲ್ಲ. ಕೊಬ್ಬಿನಲ್ಲಿ ಸೇರಿಕೊಂಡ ದ್ರಾವಕ ನಿಧಾನವಾಗಿ ರಕ್ತಕ್ಕೆ ಬರುತ್ತಿರುವಷ್ಟು ಹೊತ್ತು, ಕೆಲಸ ಬಿಟ್ಟು ಮನೆಗೆ ಬಂದ ಮೇಲೂ, ಒಳಗೇ ತಯಾರಾಗುತ್ತಿರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ಇದರ ಬಹುಪಾಲು ಬಳಕೆಗಳನ್ನು ನಿಷೇಧಿಸಿತು. ಲ್ಯಾಬುಗಳಿಗೆ ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಅವಕಾಶ ಉಳಿದಿದೆ. ಲ್ಯಾಬಿನಲ್ಲಿರುವ ನಮ್ಮವರಿಗೆ ನಾನು ಹೇಳುವುದು ಇಷ್ಟೇ: ಫ್ಯೂಮ್ ಹುಡ್‌ನ ಗಾಜನ್ನು ಕೆಳಗೆ ಎಳೆದಿಡಿ. ಅದು ಮಾಡುವ ಉಪಕಾರ ಯಾವ ಜ್ಯೂಸಿನಿಂದಲೂ ಆಗುವುದಿಲ್ಲ.

ಬೆವರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಬೆವರೆಂದರೆ ಬಹುಪಾಲು ನೀರು ಮತ್ತು ಉಪ್ಪು, ಮೈಯನ್ನು ತಂಪಾಗಿಡಲು ಇರುವುದು. ಲೋಹಗಳ, ದ್ರಾವಕಗಳ ಚೂರುಪಾರು ಅದರಲ್ಲಿ ಸಿಗುತ್ತದೆ ನಿಜ. ಮೂತ್ರ ಮತ್ತು ಪಿತ್ತದ ದಾರಿಯ ಮುಂದೆ ಅದು ಲೆಕ್ಕಕ್ಕೆ ಬರುವಷ್ಟಿಲ್ಲ. ಸೌನಾ ಹಿತವೆನಿಸಿದರೆ ಕೂತುಕೊಳ್ಳಿ, ವಿಷ ಇಳಿಯುತ್ತದೆ ಎಂದು ದುಡ್ಡು ಕೊಡಬೇಡಿ.

ಸೀಸ, ಮೂಳೆ, ಹಾಲುಹಲ್ಲು

ಲಾಸ್ ಏಂಜಲೀಸ್ ಡೌನ್‌ಟೌನ್‌ನಿಂದ ಐದು ಮೈಲಿ ಆಗ್ನೇಯಕ್ಕೆ ವರ್ನನ್ ಎಂಬ ಪುಟ್ಟ ಊರಿದೆ. ಊರೆನ್ನುವುದಕ್ಕಿಂತ ಕಾರ್ಖಾನೆಗಳ ಕೇರಿ ಎನ್ನಬಹುದು. ಅಲ್ಲಿ 1922ರಿಂದ ಸೀಸ ಕರಗಿಸುವ ಕೆಲಸ ನಡೆದಿತ್ತು. 2000ದಲ್ಲಿ ಅದು ಎಕ್ಸೈಡ್ ಕಂಪನಿಯ ಕೈಗೆ ಬಂತು. ಹಳೆಯ ಕಾರ್ ಬ್ಯಾಟರಿಗಳನ್ನು ಒಡೆದು ಸೀಸ ತೆಗೆಯುತ್ತಿದ್ದ ಆ ಕಾರ್ಖಾನೆ 2015ರಲ್ಲಿ ಫೆಡರಲ್ ಸರ್ಕಾರದ ಜೊತೆಗಿನ ಒಪ್ಪಂದದ ಮೇಲೆ ಶಾಶ್ವತವಾಗಿ ಮುಚ್ಚಿತು. ಆ ಹೊತ್ತಿಗೆ ಸುತ್ತಲಿನ ಮಣ್ಣಿನಲ್ಲಿ ಸೀಸ ಕೂತಿತ್ತು. ಕಾರ್ಖಾನೆಯಿಂದ ಸುಮಾರು 1.7 ಮೈಲಿ ದೂರದೊಳಗೆ ಹತ್ತು ಸಾವಿರದಷ್ಟು ಮನೆ, ಶಾಲೆ, ಪಾರ್ಕುಗಳನ್ನು ರಾಜ್ಯ ಸರ್ಕಾರ ಪರೀಕ್ಷೆ ಮತ್ತು ಸ್ವಚ್ಛತೆಯ ಪಟ್ಟಿಗೆ ಸೇರಿಸಬೇಕಾಯಿತು.

ಸೀಸವನ್ನು ಲಿವರ್ ಒಡೆಯಲಾರದು, ಅದು ಧಾತು. ಬೇರೇನಾಗಿಯೂ ಬದಲಾಗದು. ಹೊರಹೋಗುವುದು ಮುಖ್ಯವಾಗಿ ಮೂತ್ರದಲ್ಲಿ, ಸ್ವಲ್ಪ ಪಿತ್ತದಲ್ಲಿ, ಅದೂ ನಿಧಾನವಾಗಿ. ರಕ್ತದಲ್ಲಿರುವ ಸೀಸದ ಅರ್ಧಾಯುಷ್ಯ ಹೆಚ್ಚುಕಡಿಮೆ ಒಂದು ತಿಂಗಳು. ಹಾಗಾದರೆ ಆರು ತಿಂಗಳಲ್ಲಿ ಮೈ ಚೊಕ್ಕಟವಾಗಬೇಕಲ್ಲ? ಆಗುವುದಿಲ್ಲ. ಏಕೆಂದರೆ ದೇಹ ಸೀಸವನ್ನು ಕ್ಯಾಲ್ಸಿಯಂ ಎಂದು ತಪ್ಪಾಗಿ ಗುರುತಿಸಿ ಮೂಳೆಯಲ್ಲಿ ಜಮಾ ಮಾಡುತ್ತದೆ. ದೊಡ್ಡವರ ಮೈಯಲ್ಲಿರುವ ಸೀಸದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಮೂಳೆಯಲ್ಲಿರುತ್ತದೆ, ಅಲ್ಲಿ ಅದರ ಅರ್ಧಾಯುಷ್ಯ ದಶಕಗಳ ಲೆಕ್ಕ. ಕೆಲಸ ಬಿಟ್ಟು ವರ್ಷಗಳಾದ ಮೇಲೂ ಮೂಳೆ ಅದನ್ನು ಚೂರುಚೂರಾಗಿ ರಕ್ತಕ್ಕೆ ವಾಪಸ್ ಕೊಡುತ್ತಿರುತ್ತದೆ. ವಯಸ್ಸಾಗಿ ಮೂಳೆ ಸವೆಯುವಾಗ, ಗರ್ಭಿಣಿಯಾಗಿ ಮಗುವಿನ ಮೂಳೆಗೆಂದು ತಾಯಿಯ ಮೈ ಕ್ಯಾಲ್ಸಿಯಂ ತೆಗೆದುಕೊಡುವಾಗ, ಇನ್ನೂ ಹೆಚ್ಚು. ಸೀಸಕ್ಕೆ ಹೊಕ್ಕುಳಬಳ್ಳಿಯ ದಾರಿಯಲ್ಲಿ ತಡೆ ಇಲ್ಲ.

ಇದನ್ನು ಬರೆಯುವಾಗ ನನ್ನ ತಲೆಮಾರಿನವರ ನೆನಪಾಗುತ್ತದೆ. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಆಟೋ, ಸ್ಕೂಟರ್‌ಗಳ ಹೊಗೆಯಲ್ಲೇ ಶಾಲೆಗೆ ನಡೆದುಕೊಂಡು ಹೋದವರು ನಾವು. 1997ರಿಂದ 1999ರವರೆಗೆ ಭಾರತದ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷಿಸಿದಾಗ, ಹನ್ನೆರಡು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರ್‌ಗೆ 10 ಮೈಕ್ರೊಗ್ರಾಂ ಅಥವಾ ಹೆಚ್ಚು ಇತ್ತು. ಅಮೆರಿಕದಲ್ಲಿ ಈಗ 3.5 ಬಂದರೇ ಮಗುವಿನ ಮನೆಯಲ್ಲಿ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಹೇಳುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯವನ್ನು ಹಿಡಿದು ದೇಶವಿಡೀ ತಿರುಗಿದವರು. ಸೀಸದ ವಿಷಕ್ಕೆಂದೇ ಮೀಸಲಾದ ರಾಷ್ಟ್ರೀಯ ಕೇಂದ್ರ ಬೆಂಗಳೂರಿನಲ್ಲಿ ನಿಂತದ್ದು ಅವರಿಂದ. ಅವರ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಕನ್ನಡದಲ್ಲಿ ಸಿಕ್ಕಿಲ್ಲ ಎಂದು ನನಗನಿಸುತ್ತದೆ. ಆಗಿನ ಸೀಸದ ಒಂದು ಪಾಲು ಇಂದಿಗೂ ನಮ್ಮ ಮೂಳೆಗಳಲ್ಲಿದೆ.

ಈಗ ವರ್ನನ್‌ಗೆ ವಾಪಸ್ ಬರೋಣ. ಮಕ್ಕಳ ಒಳಗೆ ಎಷ್ಟು ಸೀಸ ಹೋಗಿದೆ ಎಂದು ತಿಳಿಯಲು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಜಾಣ ದಾರಿ ಹಿಡಿದರು. ನಮ್ಮೂರಿನಲ್ಲಿ ಉದುರಿದ ಹಾಲುಹಲ್ಲನ್ನು ಸಗಣಿ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆಯುತ್ತಿದ್ದರು. ಇಲ್ಲಿ ಅದು ದಿಂಬಿನಡಿ ಹೋಗುತ್ತದೆ, ಟೂತ್ ಫೇರಿ ಬಂದು ಡಾಲರ್ ಇಟ್ಟು ಹೋಗುತ್ತಾಳೆ. ಸಂಶೋಧಕರು ತಾಯಂದಿರ ಹತ್ತಿರ ಆ ಹಲ್ಲುಗಳನ್ನು ಕೇಳಿ ಪಡೆದರು. ಅಧ್ಯಯನಕ್ಕೆ ಇಟ್ಟ ಹೆಸರು "ಟ್ರೂತ್ ಫೇರಿ", ಅಂದರೆ ನಿಜ ಹೇಳುವ ಕಿನ್ನರಿ. ಹಾಲುಹಲ್ಲು ಬೆಳೆಯತೊಡಗುವುದು ತಾಯಿಯ ಹೊಟ್ಟೆಯಲ್ಲೇ. ಮರದ ಕಾಂಡದ ಉಂಗುರಗಳ ಹಾಗೆ ಅದು ಪದರ ಪದರವಾಗಿ ಕಟ್ಟಿಕೊಳ್ಳುತ್ತದೆ, ಆಯಾ ದಿನಗಳಲ್ಲಿ ರಕ್ತದಲ್ಲಿದ್ದ ಸೀಸ ಆಯಾ ಪದರದಲ್ಲಿ ಉಳಿಯುತ್ತದೆ. 43 ಮಕ್ಕಳ 50 ಹಲ್ಲುಗಳನ್ನು ಲೇಸರಿನಿಂದ ಪದರ ಪದರವಾಗಿ ಓದಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಯ ಸುತ್ತಲ ಮಣ್ಣಿನಲ್ಲಿ ಸೀಸ ಹೆಚ್ಚಿದ್ದ ಕಡೆ ಹಲ್ಲಿನಲ್ಲೂ ಹೆಚ್ಚಿತ್ತು, ಹುಟ್ಟುವುದಕ್ಕೆ ಮೊದಲು ಕಟ್ಟಿದ ಪದರದಲ್ಲೂ.

ಅವರು ಕಾರ್ಖಾನೆಯ ಪಕ್ಕದವರು, ನಮ್ಮ ಮನೆ ಅರ್ವೈನ್‌ನಲ್ಲಿದೆ ಎಂದು ನೀವು ಹೇಳಬಹುದು. ಸೀಸದ ಕೆಲಸ ಮಾಡುವವರ ಮಕ್ಕಳಿಗೆ ಅದು ತಲುಪಲು ಪಕ್ಕದಲ್ಲೇ ಕಾರ್ಖಾನೆ ಬೇಕಿಲ್ಲ. ಶರ್ಟಿನ ತೋಳಿನಲ್ಲಿ, ಬೂಟಿನ ಅಡಿಯಲ್ಲಿ, ಕಾರಿನ ಸೀಟಿನಲ್ಲಿ ಬರುತ್ತದೆ. ತೆವಳುವ ಮಗು ನೆಲ ಮುಟ್ಟಿ ಕೈ ಬಾಯಿಗಿಡುತ್ತದೆ. ದೊಡ್ಡವರು ನುಂಗಿದ ಸೀಸದಲ್ಲಿ ಹತ್ತನೇ ಒಂದು ಭಾಗ ಹೀರಿಕೊಂಡರೆ, ಪುಟ್ಟ ಮಕ್ಕಳ ಕರುಳು ಅರ್ಧದಷ್ಟನ್ನು ಹೀರಿಕೊಳ್ಳಬಲ್ಲದು. ಶೂಟಿಂಗ್ ರೇಂಜಿನ ಗಾಳಿಯಲ್ಲಿ ಸೀಸವಿದೆ. 1978ಕ್ಕೆ ಮೊದಲು ಕಟ್ಟಿದ ಮನೆಗಳ ಬಣ್ಣದಲ್ಲಿ ಇರಬಹುದು, ಅದನ್ನು ಒಣಗಿದ್ದ ಹಾಗೇ ಉಜ್ಜಿದರೆ ಧೂಳಾಗಿ ಮನೆಯೆಲ್ಲ ಹರಡುತ್ತದೆ. ಗಾಜಿನ ಚಿತ್ರಕಲೆ, ಬೆಸುಗೆ ಹಾಕುವ ಹವ್ಯಾಸದಲ್ಲೂ ಇದೆ. ಕ್ಯಾಲಿಫೋರ್ನಿಯಾ 2025ರ ಜನವರಿ 1ರಿಂದ ಕೆಲಸದ ಜಾಗದ ಗಾಳಿಯಲ್ಲಿರಬಹುದಾದ ಸೀಸದ ಮಿತಿಯನ್ನು ಘನಮೀಟರಿಗೆ 50 ಮೈಕ್ರೊಗ್ರಾಂನಿಂದ 10ಕ್ಕೆ ಇಳಿಸಿದೆ. ಹವ್ಯಾಸಕ್ಕೆ ಆ ಕಾನೂನು ಅನ್ವಯಿಸುವುದಿಲ್ಲ. ಅಲ್ಲಿ ಕಾವಲು ನಾವೇ. ಬಟ್ಟೆ ಅಲ್ಲೇ ಬದಲಿಸಿ ಬೇರೆ ಚೀಲದಲ್ಲಿ ತಂದು ಬೇರೆಯಾಗಿ ಒಗೆಯಬೇಕು, ಮಗುವನ್ನು ಎತ್ತಿಕೊಳ್ಳುವ ಮೊದಲು ಸ್ನಾನ. "ಕೈಕಾಲು ತೊಳ್ಕೊಂಡು ಒಳಗೆ ಬಾ" ಎಂದು ಅಜ್ಜಿ ಬಾಗಿಲಲ್ಲೇ ತಡೆಯುತ್ತಿದ್ದರಲ್ಲ, ಅದು ಇಲ್ಲಿ ನೂರಕ್ಕೆ ನೂರು ಸರಿ.

(ಮಕ್ಕಳು ಪೆನ್ಸಿಲ್ ಚೀಪುವುದನ್ನು ನೋಡಿ ಗಾಬರಿಯಾಗಬೇಡಿ. ಇಂಗ್ಲಿಷಿನಲ್ಲೂ "ಲೆಡ್" ಎನ್ನುತ್ತಾರೆ, ನಮ್ಮ ಹಿರಿಯರೂ ಸೀಸದಕಡ್ಡಿ ಎನ್ನುತ್ತಿದ್ದರು. ಎರಡು ಭಾಷೆಗಳೂ ಇಲ್ಲಿ ಒಟ್ಟಿಗೆ ತಪ್ಪಿವೆ. ಒಳಗಿರುವುದು ಗ್ರಾಫೈಟ್.)

ಸೀಸಕ್ಕೆ ಔಷಧಿ ಇಲ್ಲವೇ? ಇದೆ. ಲೋಹವನ್ನು ಕಚ್ಚಿಕೊಂಡು ಮೂತ್ರಕ್ಕೆ ತರುವ ಔಷಧಿಗಳು. ಮಕ್ಕಳಲ್ಲಿ ರಕ್ತದ ಮಟ್ಟ 45 ಮೈಕ್ರೊಗ್ರಾಂ ಮುಟ್ಟಿದಾಗ ವೈದ್ಯರು ಇವನ್ನು ಬಳಸುತ್ತಾರೆ, ಆಗ ಅವು ಜೀವ ಉಳಿಸುತ್ತವೆ. ಅದಕ್ಕಿಂತ ಕಡಿಮೆ ಇರುವವರಿಗೂ ಕೊಟ್ಟರೆ ಹೇಗೆ ಎಂದು ಅಮೆರಿಕದಲ್ಲಿ 780 ಪುಟ್ಟ ಮಕ್ಕಳ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ರಕ್ತದಲ್ಲಿ 20ರಿಂದ 44ರವರೆಗೆ ಇದ್ದ ಮಕ್ಕಳು. 2001ರಲ್ಲಿ ಬಂದ ಫಲಿತಾಂಶ ಓದಿದರೆ ಹೊಟ್ಟೆ ಸಂಕಟವಾಗುತ್ತದೆ. ಔಷಧಿ ರಕ್ತದ ಸೀಸವನ್ನು ಇಳಿಸಿತು. ಮಕ್ಕಳ ಕಲಿಕೆ, ಬುದ್ಧಿ, ನಡವಳಿಕೆಯಲ್ಲಿ ಏನೂ ಸುಧಾರಣೆ ಕಾಣಲಿಲ್ಲ. ಬೆಳೆಯುವ ಮಿದುಳಿಗೆ ಆಗಬೇಕಾದ ಹಾನಿ ಆಗಿಹೋಗಿತ್ತು.

ಇದೇ ಔಷಧಿಗಳ ಗುಂಪನ್ನು ಆರೋಗ್ಯಕೇಂದ್ರಗಳೆಂಬ ಹೆಸರಿನಲ್ಲಿ "ಕೀಲೇಶನ್ ಡಿಟಾಕ್ಸ್" ಎಂದು ಮಾರುವವರಿದ್ದಾರೆ. ಅವರ ಬಳಿ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ತಪ್ಪು ಔಷಧಿ ಸೀಸದ ಜೊತೆ ರಕ್ತದ ಕ್ಯಾಲ್ಸಿಯಂ ಅನ್ನೂ ಕಿತ್ತುಕೊಂಡು ಹೃದಯ ನಿಲ್ಲಿಸಬಲ್ಲದು. 2003ರಿಂದ 2005ರೊಳಗೆ ಹೀಗೆ ಸತ್ತ ಮೂವರಲ್ಲಿ ಇಬ್ಬರು ಮಕ್ಕಳು. ಊರಿನ ಲೇಹ್ಯದ ವಿಷಯದಲ್ಲೂ ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ. 2004ರಲ್ಲಿ ಬಾಸ್ಟನ್ ಸುತ್ತಲಿನ ದಕ್ಷಿಣ ಏಷ್ಯಾದ ಅಂಗಡಿಗಳಿಂದ ತಂದ 70 ಆಯುರ್ವೇದ ತಯಾರಿಕೆಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಭಸ್ಮ ಸೇರಿದ ಔಷಧಿಯನ್ನು ವಿಷ ಇಳಿಸಲೆಂದು ತರಿಸಿ, ಇಲ್ಲದಿದ್ದ ವಿಷವನ್ನು ಒಳಗೆ ಹಾಕಿಕೊಳ್ಳುವ ಸಂಭವ ಚೆನ್ನಾಗಿಯೇ ಇದೆ. ಆಹಾರದಿಂದ ಆಗುವ ಉಪಕಾರ ಒಂದುಂಟು: ಕಬ್ಬಿಣ ಮತ್ತು ಕ್ಯಾಲ್ಸಿಯಂ ಸಾಕಷ್ಟಿರುವ ಮಗುವಿನ ಕರುಳು ಸೀಸವನ್ನು ಕಡಿಮೆ ಹೀರುತ್ತದೆ. ರಾಗಿ ಮಾಲ್ಟ್ ಕೊಡಿ, ಒಳ್ಳೆಯದು. ಮೂಳೆಯಲ್ಲಿ ಕೂತದ್ದನ್ನು ಅದು ತೆಗೆಯುವುದಿಲ್ಲ.

ಅನುಮಾನವಿದ್ದರೆ ಮಕ್ಕಳ ವೈದ್ಯರ ಹತ್ತಿರ "ಬ್ಲಡ್ ಲೆಡ್ ಟೆಸ್ಟ್" ಎಂದು ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಯಾರು ಏನು ಕೆಲಸ, ಏನು ಹವ್ಯಾಸ, ಮನೆ ಯಾವ ಕಾಲದ್ದು ಎಂದೂ ಹೇಳಿ. ಸಾಫ್ಟ್‌ವೇರ್ ಕುಟುಂಬ ಎಂದುಕೊಂಡು ಅವರಾಗಿ ಕೇಳದಿರಬಹುದು.

ಕೊಬ್ಬಿನಲ್ಲಿ ಕೂತದ್ದು

ಲಾಸ್ ಏಂಜಲೀಸ್‌ನ ಇನ್ನೊಂದು ಕಥೆ ಟಾರೆನ್ಸ್ ಹತ್ತಿರದ್ದು. ಅಲ್ಲಿ 1947ರಿಂದ 1982ರವರೆಗೆ ಮಾಂಟ್ರೋಸ್ ಕೆಮಿಕಲ್ ಕಂಪನಿ ಡಿಡಿಟಿ ತಯಾರಿಸುತ್ತಿತ್ತು. ಅಮೆರಿಕದೊಳಗೆ ಡಿಡಿಟಿ ಬಳಕೆ 1972ರಲ್ಲಿ ನಿಂತ ಮೇಲೂ ಹತ್ತು ವರ್ಷ ಹೊರದೇಶಗಳಿಗೆ ಕಳಿಸಿತು. ನಮ್ಮ ಹಳ್ಳಿಗಳಲ್ಲಿ ಮಲೇರಿಯಾದವರು ಬಂದು ಗೋಡೆಗಳಿಗೆ ಡಿಡಿಟಿ ಹೊಡೆದದ್ದು ಅಪ್ಪ ಅಮ್ಮಂದಿರಿಗೆ ನೆನಪಿರುತ್ತದೆ, ಕೇಳಿ ನೋಡಿ.

ಆ ಕಾರ್ಖಾನೆಯಲ್ಲಿ 11ರಿಂದ 19 ವರ್ಷ ಕೆಲಸ ಮಾಡಿದ್ದ 35 ಜನರನ್ನು ಪರೀಕ್ಷಿಸಿದ ವರದಿ 1967ರಲ್ಲಿ ಬಂತು. ಸಾಮಾನ್ಯ ಅಮೆರಿಕನ್ನರ ಕೊಬ್ಬಿನಲ್ಲಿ ಆಗ ಡಿಡಿಟಿ ಮತ್ತು ಅದರ ಮರಿಪದಾರ್ಥಗಳು ಹತ್ತು ಲಕ್ಷದಲ್ಲಿ ಸರಾಸರಿ 8 ಭಾಗ ಇದ್ದರೆ, ಈ ಕಾರ್ಮಿಕರಲ್ಲಿ 38ರಿಂದ 647ರವರೆಗೆ ಇತ್ತು. ದೇಹ ಅದನ್ನು ಎರಡು ದಾರಿಯಲ್ಲಿ ಬದಲಿಸುತ್ತದೆ. ಒಂದು ಪಾಲು ನೀರಿಗೆ ಒಗ್ಗುವ ಡಿಡಿಎ ಆಗಿ ಮೂತ್ರದಲ್ಲಿ ಹೋಗುತ್ತದೆ. ಇನ್ನೊಂದು ಪಾಲು ಡಿಡಿಇ ಆಗಿ, ಡಿಡಿಟಿಗಿಂತಲೂ ಗಟ್ಟಿಯಾಗಿ ಕೊಬ್ಬಿಗೆ ಅಂಟಿ ಕೂರುತ್ತದೆ, ವರ್ಷಗಟ್ಟಲೆ. ಡಿಡಿಟಿಯಿಂದಾದ ಕಾಯಿಲೆ ಯಾರಲ್ಲೂ ಕಾಣಲಿಲ್ಲ ಎಂದು ಆ ವರದಿ ಹೇಳಿತು, ಅದನ್ನು ತುಂಬಾ ವರ್ಷ ಸಮಾಧಾನಕ್ಕೆ ಬಳಸಿಕೊಂಡರು. ಆದರೆ ಅದು ಕೆಲಸದಲ್ಲಿ ಗಟ್ಟಿಯಾಗಿ ನಿಂತಿದ್ದ 35 ಗಂಡಸರ ಪರೀಕ್ಷೆ. ಕೆಲಸ ಬಿಟ್ಟುಹೋದವರನ್ನೂ, ಹೆಂಗಸರನ್ನೂ, ಅವರ ಮಕ್ಕಳನ್ನೂ ಕೇಳಿದ್ದಲ್ಲ.

ಕೊಬ್ಬಿನಲ್ಲಿ ಕೂತ ಇಂಥ ಪದಾರ್ಥಕ್ಕೆ ಹೆಂಗಸರ ಮೈಯಲ್ಲಿ ಒಂದು ಹೆಚ್ಚಿನ ಬಾಗಿಲಿದೆ: ಎದೆಹಾಲು. ಹಾಲಿನಲ್ಲಿ ಕೊಬ್ಬಿದೆ, ಕೊಬ್ಬಿನ ಜೊತೆ ಡಿಡಿಇ ಬರುತ್ತದೆ. ತಿಂಗಳುಗಟ್ಟಲೆ ಹಾಲೂಡಿಸಿದ ತಾಯಿಯ ಮೈಯಲ್ಲಿ ಅದು ಕಡಿಮೆಯಾಗುತ್ತದೆ, ಕಡಿಮೆಯಾದದ್ದು ಮಗುವಿಗೆ ಹೋಗಿರುತ್ತದೆ. ಇದನ್ನು ಓದಿ ಯಾವ ತಾಯಿಯೂ ಹಾಲು ನಿಲ್ಲಿಸಬಾರದು. ನಿಷೇಧದ ನಂತರದ ದಶಕಗಳಲ್ಲಿ ಹಾಲಿನಲ್ಲಿನ ಡಿಡಿಟಿ ಬಹಳ ಇಳಿದಿದೆ, ಮತ್ತು ಹಾಲಿನ ಲಾಭ ಅದಕ್ಕಿಂತ ಎಷ್ಟೋ ದೊಡ್ಡದೆಂದು ಮಕ್ಕಳ ವೈದ್ಯರೆಲ್ಲ ಒಪ್ಪುತ್ತಾರೆ. ನಾನು ಹೇಳುತ್ತಿರುವುದು ಕಾರ್ಖಾನೆಯ ಲೆಕ್ಕಪತ್ರ ಎಲ್ಲಿಗೆ ಬಂದು ಮುಟ್ಟುತ್ತದೆ ಅನ್ನುವುದನ್ನು.

ಸಮುದ್ರದಲ್ಲೂ ಅದೇ ನಡೆದಿದೆ. ಕಾರ್ಖಾನೆಯ ಕೊಳೆ ಚರಂಡಿಯ ಮೂಲಕ ಪಾಲೋಸ್ ವರ್ಡೀಸ್ ಕರಾವಳಿಗೆ ಹೋಯಿತು, ಆಮ್ಲದ ತ್ಯಾಜ್ಯವನ್ನು ಹಡಗಿನಲ್ಲಿ ಒಯ್ದು ಆಳ ನೀರಿಗೆ ಸುರಿದರು. ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ತಂಡ 2021ರಲ್ಲಿ ಅಲ್ಲಿ 36,000 ಎಕರೆ ಸಮುದ್ರತಳವನ್ನು ಸೋನಾರಿನಿಂದ ನೋಡಿದಾಗ 27,000ಕ್ಕೂ ಹೆಚ್ಚು ಪೀಪಾಯಿಯಂಥ ವಸ್ತುಗಳು ಕಂಡವು. ಎಲ್ಲವೂ ಡಿಡಿಟಿಯ ಪೀಪಾಯಿಗಳಲ್ಲ, ಕೆಲವು ಯುದ್ಧಕಾಲದ ಮದ್ದುಗುಂಡುಗಳೆಂದು ಆಮೇಲೆ ತಿಳಿಯಿತು. ಸ್ಯಾನ್ ಡಿಯಾಗೋ ಸ್ಟೇಟ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದಂತೆ, ಈ ಕರಾವಳಿಯ ಎಂಟು ಡಾಲ್ಫಿನ್‌ಗಳ ಕೊಬ್ಬಿನಲ್ಲಿ ಡಿಡಿಟಿಗೆ ಸಂಬಂಧಿಸಿದ 45 ಪದಾರ್ಥಗಳು ಸಿಕ್ಕಿದ್ದವು. ಸಾಂತಾ ಮೋನಿಕಾ ಪಿಯರ್‌ನಿಂದ ಸೀಲ್ ಬೀಚ್ ಪಿಯರ್‌ವರೆಗೆ ಹಿಡಿದ ವೈಟ್ ಕ್ರೋಕರ್ ಮೀನನ್ನು ತಿನ್ನಲೇಬೇಡಿ ಎಂಬ ಫಲಕಗಳು ಇಂದಿಗೂ ಇರುವುದು ಇದರಿಂದ. ಮಕ್ಕಳ ಜೊತೆ ಗಾಳ ಹಾಕಲು ಹೋಗುವ ಮಂಗಳೂರು, ಕಾರವಾರದ ಕಡೆಯವರು ಆ ಫಲಕ ಓದಿ.

ಕೊಬ್ಬಿನಿಂದ ಬೇಗ ಹೊರಡಿಸಲು ಸಾಧ್ಯವಾದ ಒಂದು ಉದಾಹರಣೆ ನನಗೆ ತುಂಬಾ ಇಷ್ಟ. 1975ರಲ್ಲಿ ವರ್ಜೀನಿಯಾದ ಹೋಪ್‌ವೆಲ್‌ನಲ್ಲಿ ಕೀಪೋನ್ ಎಂಬ ಕೀಟನಾಶಕ ತಯಾರಿಸುವವರ ಕೈ ನಡುಗತೊಡಗಿತು, ಕಣ್ಣುಗುಡ್ಡೆ ಅದುರತೊಡಗಿತು. ಕಾರ್ಖಾನೆ ಮುಚ್ಚಿತು. ವೈದ್ಯರು ಗಮನಿಸಿದ್ದು ಏನೆಂದರೆ, ಲಿವರ್ ಕೀಪೋನನ್ನು ಪಿತ್ತದಲ್ಲಿ ಸೇರಿಸಿ ಕರುಳಿಗೆ ಕಳಿಸುತ್ತಿತ್ತು, ಕರುಳು ಅದನ್ನು ಮತ್ತೆ ಹೀರಿ ಲಿವರಿಗೇ ಕಳಿಸುತ್ತಿತ್ತು. ಗಾಣದೆತ್ತಿನ ಹಾಗೆ ಅಲ್ಲೇ ಸುತ್ತು. ಕೊಲೆಸ್ಟ್ರಾಲ್ ಇಳಿಸಲು ಕೊಡುತ್ತಿದ್ದ ಕೊಲೆಸ್ಟಿರಮಿನ್ ಎಂಬ ಪುಡಿಯನ್ನು ಕೊಟ್ಟರು. ಅದು ಕರುಳಿನಲ್ಲೇ ಕೀಪೋನನ್ನು ಹಿಡಿದು ಮಲದಲ್ಲಿ ಒಯ್ಯಿತು. ರಕ್ತದಲ್ಲಿ 165 ದಿನವಿದ್ದ ಅರ್ಧಾಯುಷ್ಯ 80 ದಿನಕ್ಕೆ ಇಳಿಯಿತು. ಇದು ನಿಜವಾದ ಡಿಟಾಕ್ಸ್. ಯಾವ ಪದಾರ್ಥ, ಯಾವ ದಾರಿ, ಎಲ್ಲಿ ವಾಪಸ್ ತಿರುಗುತ್ತಿದೆ ಎಂದು ಅಳೆದು ನೋಡಿದ ಮೇಲೆ ಸಿಕ್ಕಿದ್ದು. ಅಷ್ಟು ಮಾಡಿಯೂ ಎರಡೂವರೆ ತಿಂಗಳಿಗೆ ಅರ್ಧ.

ಅಡುಗೆ ಕಟ್ಟೆಯ ಕಲ್ಲು

ಇನ್ನು ಹೋಗದೇ ಇರುವಂಥದ್ದು. ಇದಕ್ಕೂ ನಮ್ಮ ಮನೆಗಳಿಗೂ ನೇರ ಸಂಬಂಧವಿದೆ, ಏಕೆಂದರೆ ಅಡುಗೆಮನೆ ಹೊಸದು ಮಾಡಿಸುವ ಪ್ರತಿ ಕನ್ನಡ ಕುಟುಂಬವೂ ಕ್ವಾರ್ಟ್ಸ್ ಕಟ್ಟೆ ಹಾಕಿಸುತ್ತಿದೆ. ಒರೆಸಲು ಸುಲಭ. ಅದು ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಒತ್ತಿ ಮಾಡಿದ್ದು, ಅನೇಕ ವೇಳೆ ನೂರಕ್ಕೆ ತೊಂಬತ್ತಕ್ಕೂ ಮೇಲೆ ಸಿಲಿಕಾ. ಗ್ರಾನೈಟಿನಲ್ಲಿ ಅರ್ಧಕ್ಕಿಂತ ಕಡಿಮೆ. ಮನೆಯಲ್ಲಿ ಕೂತ ಕಟ್ಟೆಯಿಂದ ನಮಗೇನೂ ಆಗುವುದಿಲ್ಲ. ಅದನ್ನು ಸಿಂಕಿನ ಅಳತೆಗೆ ಕೊರೆದವರಿಗೆ ಆಗುತ್ತದೆ.

ದಪ್ಪ ಧೂಳನ್ನು ಮೂಗಿನ ಕೂದಲು ಹಿಡಿಯುತ್ತದೆ. ಇನ್ನೂ ಸಣ್ಣದು ಶ್ವಾಸನಾಳದ ಲೋಳೆಗೆ ಅಂಟಿ, ಅಲ್ಲಿನ ಸೂಕ್ಷ್ಮ ರೋಮಗಳ ಅಲೆಯಲ್ಲಿ ಮೇಲಕ್ಕೆ ಬಂದು ಕಫವಾಗುತ್ತದೆ. ಕೊರೆಯುವ ಗರಗಸದ ಸಿಲಿಕಾ ಧೂಳು ಇದೆಲ್ಲವನ್ನೂ ದಾಟಿ ಶ್ವಾಸಕೋಶದ ತುದಿಯ ಗಾಳಿಗೂಡುಗಳಿಗೆ ಹೋಗುವಷ್ಟು ಸಣ್ಣ. ಅಲ್ಲಿ ಕಾವಲಿರುವ ರಕ್ಷಕ ಕಣಗಳು ಅದನ್ನು ನುಂಗುತ್ತವೆ. ಜೀರ್ಣಿಸಲಾಗದೆ ಸಾಯುತ್ತವೆ, ಸಾಯುವಾಗ ಉರಿಯೂತ ಹಚ್ಚುತ್ತವೆ, ಕಲ್ಲಿನ ಚೂರು ಮತ್ತೆ ಹೊರಬಿದ್ದು ಇನ್ನೊಂದು ಕಣ ಅದನ್ನು ನುಂಗುತ್ತದೆ. ಪ್ರತಿ ಸುತ್ತಿಗೂ ಗಾಯದ ಕಲೆ ಬೆಳೆಯುತ್ತದೆ. ಕರಗಿಸುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಕಾಯಿಲೆ ಮುಂದುವರಿಯಬಹುದು. ಇದು ಸಿಲಿಕೋಸಿಸ್. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಕಾರ್ಮಿಕರಿಗೆ ಬಂದಿದ್ದ ಅದೇ ಕಾಯಿಲೆ, ಈಗ ಲಾಸ್ ಏಂಜಲೀಸ್‌ನ ಸ್ಯಾನ್ ಫರ್ನಾಂಡೊ ವ್ಯಾಲಿಯ ಕಲ್ಲು ಕೊರೆಯುವ ಅಂಗಡಿಗಳಲ್ಲಿದೆ.

ಕ್ಯಾಲಿಫೋರ್ನಿಯಾದ ವೈದ್ಯರು 2023ರಲ್ಲಿ ಇಂಥ 52 ರೋಗಿಗಳ ವಿವರ ಪ್ರಕಟಿಸಿದರು. ಹೆಚ್ಚುಕಡಿಮೆ ಎಲ್ಲರೂ ಲ್ಯಾಟಿನ್ ಅಮೆರಿಕದಿಂದ ವಲಸೆ ಬಂದ ಗಂಡಸರು, ನಮ್ಮ ಹಾಗೆಯೇ ಮಕ್ಕಳ ಭವಿಷ್ಯಕ್ಕೆಂದು ಬಂದವರು. ನಡುವಿನ ವಯಸ್ಸು 45, ಈ ಕೆಲಸದಲ್ಲಿ ಕಳೆದದ್ದು ಸುಮಾರು 15 ವರ್ಷ. ವರದಿ ಬರೆಯುವ ಹೊತ್ತಿಗೆ ಅವರಲ್ಲಿ 10 ಜನ ಸತ್ತಿದ್ದರು, ಮೂವರಿಗೆ ಶ್ವಾಸಕೋಶ ಕಸಿ ಆಗಿತ್ತು. ಅದೇ ವರ್ಷದ ಡಿಸೆಂಬರ್ 29ರಂದು ರಾಜ್ಯದಲ್ಲಿ ತುರ್ತು ನಿಯಮ ಬಂತು: ಒಣ ಕೊರೆತ ಕೂಡದು, ನೀರು ಹರಿಸುತ್ತಲೇ ಕೊರೆಯಬೇಕು, ಗಾಳಿ ಸೋಸುವ ಮುಖವಾಡ ಇರಲೇಬೇಕು. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಗಿ 2024ರ ಜುಲೈ 1ರಿಂದ ಈ ಕಲ್ಲನ್ನೇ ನಿಷೇಧಿಸಿತು. ಅದೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ.

ಕ್ಯಾಲಿಫೋರ್ನಿಯಾದಲ್ಲಿ ಅಂಥ ನಿಷೇಧವಿಲ್ಲ. ಕಟ್ಟೆಗೆ ಕಲ್ಲು ಆರಿಸುವಾಗ ಬಣ್ಣ, ಬೆಲೆ ಕೇಳಿದಂತೆಯೇ ಎಲ್ಲಿ ಕೊರೆಯುತ್ತೀರಿ, ನೀರು ಹರಿಸಿ ಕೊರೆಯುತ್ತೀರಾ ಎಂದೂ ಕೇಳಿ. ಕಡಿಮೆ ಸಿಲಿಕಾದ ಕಲ್ಲುಗಳೂ ಈಗ ಬರುತ್ತಿವೆ. ಕೂರಿಸಲು ಬಂದ ಹುಡುಗರು ನಲ್ಲಿಯ ತೂತು ಕೊರೆಯಲೆಂದು ನಿಮ್ಮ ಡ್ರೈವ್‌ವೇಯಲ್ಲಿ ಬಿಳಿ ಧೂಳೆಬ್ಬಿಸುತ್ತಾ ಒಣಗರಗಸ ಹಿಡಿದರೆ, ಮಕ್ಕಳನ್ನು ಒಳಗೆ ಕಳಿಸಿ, ಕೆಲಸ ನಿಲ್ಲಿಸಿ ಗಾರ್ಡನ್ ಪೈಪನ್ನು ಅವರ ಕೈಗೆ ಕೊಡಿ, ಆಮೇಲೆ ಅವರ ಮಾಲೀಕರಿಗೆ ಫೋನ್ ಮಾಡಿ.